ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದ ಬಗೆ

1926ನೆಯ ಇಸವಿಯಲ್ಲಿ ಕಲ್ಕತ್ತೆಯ ಬೆಥೂನ್ ಕಾಲೇಜಿನಲ್ಲಿ ನಡೆದ ಬಹುಮಾನ ವಿತರಣೆಯ ಸಮಾರಂಭಕ್ಕೆ ಬಂದಿದ್ದ ಬಂಗಾಳದ ವಿದ್ಯಾ ಇಲಾಖೆಯ ಡೈರೆಕ್ಟರ್ ಓಟನ್ ಎಂಬವರು, ಹೆಣ್ಣುಮಕ್ಕಳಿಗೆ ಎಂಥ ವಿದ್ಯಾಭ್ಯಾಸ ಬೇಕೆಂಬುದನ್ನು ಈ ದೇಶದ ಸ್ತ್ರೀಯರೇ ಒಕ್ಕೊರಲಿನಿಂದ ತಿಳಿಸಬೇಕು, ಒಮ್ಮೆ ತಿಳಿಸಿ ಸುಮ್ಮನಾಗದೆ ಅದು ದೊರೆಯುವವರೆಗೂ ತಿಳಿಸುತ್ತಲೇ ಇರಬೇಕು ಎಂಬ ಅಭಿಪ್ರಾಯವನ್ನು ಸಭೆಯ ಮುಂದಿಟ್ಟರು. ಹತ್ತು ವರ್ಷ ಹಿಂದೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕೋಪಕ್ಕೆ ತುತ್ತಾಗಿದ್ದ, ಸುಭಾಷಚಂದ್ರ ಬೋಸರು ಆ ಕಾಲೇಜನ್ನು ಬಿಡಬೇಕಾಗಿ ಬಂದ ಪ್ರಕರಣದ ಪ್ರಾಧ್ಯಾಪಕ ಓಟನ್ ಇವರೇ. ಸರ್ಕಾರದ ಅಧಿಕಾರಿಯೊಬ್ಬನ ಬಾಯಿಂದ ಬಂದ ಈ ಮಾತನ್ನು, ಅದೇ ಬೆಥೂನ್ ಕಾಲೇಜಿನ ಮುಖ್ಯಸ್ಥೆಯಾಗಿದ್ದ ಹ್ಯೂಡೆಕೋಪರ್ ಅವರು ಮದರಾಸಿನ ‘ಸ್ತ್ರೀಧರ್ಮ’ ಪತ್ರಿಕೆಯ ಮೂಲಕ ದೇಶದ ಸ್ತ್ರೀಯರ ಗಮನಕ್ಕೆ ತಂದರು.

‘ಸ್ತ್ರೀಧರ್ಮ’ವು 1917ರಲ್ಲಿ ಅಡ್ಯಾರಿನಲ್ಲಿ ಸ್ಥಾಪಿತವಾದ ಭಾರತೀಯ ಮಹಿಳಾ ಸಂಘದ ಮುಖವಾಣಿ. ಆ ಸಂಘದ ಪ್ರಾಣವಾಗಿದ್ದವರು ಮಾರ್ಗರೆಟ್ ಕಸಿನ್ಸ್. ಕನ್ನಡಿಗರಿಗೆ ಈಕೆಯ ಪತಿ ಜೇಮ್ಸ್ ಕಸಿನ್ಸರ ಹೆಸರು ಹೆಚ್ಚು ಪರಿಚಿತ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ಮಾತೃಭಾಷೆಯಲ್ಲಿ ಬರೆಯುವಂತೆ ಮೈಸೂರಿನಲ್ಲಿ ಬೋಧಿಸಿದ ಐರಿಷ್ ಕವಿ ಎಂದು ಅವರನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಪತ್ನಿಗೆ ಅಷ್ಟೇ ಕೃತಜ್ಞತೆ ಸಲ್ಲಬೇಕಾದುದು ನ್ಯಾಯ. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿ ಲಂಡನ್ನಿನಲ್ಲಿಯೂ ಐರ್ಲೆಂಡಿನಲ್ಲಿಯೂ ಸೆರೆಮನೆಯನ್ನು ಕಂಡು, 1915ರಲ್ಲಿ ಈ ದೇಶಕ್ಕೆ ಬಂದು ಮದನಪಲ್ಲಿಯಲ್ಲಿ ನೆಲೆಸಿದ ಆಕೆ, 1917ರ ಡಿಸೆಂಬರಿನಲ್ಲಿ ಭಾರತಮಂತ್ರಿ ಮಾಂಟೆಗು ಮದರಾಸಿಗೆ ಬಂದಾಗ ಸರೋಜಿನೀ ನಾಯ್ಡು ಅವರ ನೇತೃತ್ವದ ಮಹಿಳಾ ನಿಯೋಗವನ್ನು ಏರ್ಪಡಿಸಿ, ಭಾರತೀಯ ಸ್ತ್ರೀಯರಿಗೂ ಮತದಾನದ ಹಕ್ಕು ಬೇಕೆಂಬ ಬೇಡಿಕೆಯನ್ನು ಆತನ ಮುಂದಿರಿಸಲು ಕಾರಣರಾದವರು.

ಓಟನ್ನರ ಮಾತಿಗೆ ಉತ್ತರವಾಗಿ ನಾಲ್ಕಾರು ಪ್ರಸಿದ್ಧ ಮಹಿಳೆಯರ ಸಹಿ ಹಾಕಿಸಿ ಒಂದು ಮನವಿಯನ್ನು ಕಳುಹಿಸುವುದು ಆಕೆಗೆ ಕಷ್ಟವಾಗುತ್ತಿರಲಿಲ್ಲ. ಆಕೆ ಹಿಡಿದದ್ದು ಬೇರೆ ದಾರಿ. ಆ ವರ್ಷದ ಶರತ್ಕಾಲದಲ್ಲಿ ದೇಶದ ನಾನಾ ಭಾಗದ ಸ್ತ್ರೀಯರಿಗೆ ಪತ್ರ ಬರೆದು, ತಮ್ಮ ತಮ್ಮ ಸ್ಥಳಗಳಲ್ಲಿ ಸಮಿತಿಗಳನ್ನು ರಚಿಸಿಕೊಂಡು, ಮೊದಲು ಅಲ್ಲಿಯೇ ಸಭೆ ಸೇರಿ, ಬಾಲಿಕೆಯರ ಶಿಕ್ಷಣದಲ್ಲಿ ಏನು ಕೊರತೆ ಇದೆ, ಏನಾಗಬೇಕು ಎಂಬುದನ್ನು ತಾವೇ ಚರ್ಚಿಸಿ ನಿರ್ಣಯಗಳನ್ನು ಮಾಡಿ, ಅವುಗಳೊಡನೆ ಪ್ರತಿನಿಧಿಗಳನ್ನು ಆರಿಸಿ ಅಖಿಲ ಭಾರತ ಸಮ್ಮೇಳನವೊಂದಕ್ಕೆ ಕಳುಹಿಸಿಕೊಡಬೇಕೆಂದು ಕೇಳಿಕೊಂಡರು. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಇಂತಹ 22 ಪ್ರಾದೇಶಿಕ ಸಭೆಗಳು ನಡೆದುವು. ಸಮ್ಮೇಳನದ ನಿಜವಾದ ಜನ್ಮಸ್ಥಾನ ಈ ಸಭೆಗಳೇ ಎಂಬುದು ನನ್ನ ದೃಢವಾದ ಎಣಿಕೆ. ಸಭೆಯನ್ನು ಕರೆಯುವುದು, ಅಧ್ಯಕ್ಷೆಯನ್ನು ಸೂಚಿಸಿ ಅನುಮೋದಿಸುವುದು, ಠರಾವಿನ ಒಂದೊಂದು ಪದವನ್ನೂ ತೂಗಿ ನೋಡುವುದು, ಒಪ್ಪದವರು ಎದ್ದು ನಿಂತು ಒಪ್ಪುವುದಿಲ್ಲವೆನ್ನುವುದು, ಕಡೆಗೆ ಕೈಯೆತ್ತಿ ಮತ ಹಾಕುವುದು—ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದ ಅಸಂಖ್ಯ ಗೃಹಿಣಿಯರಿದ್ದ ಕಾಲದಲ್ಲಿ, ರಾಜಕಾರಣದ ಈ ಅಕ್ಷರಾಭ್ಯಾಸವು ಶಿಕ್ಷಣದ ಹೆಸರಿನಲ್ಲಿ ಸದ್ದಿಲ್ಲದೆ ನಡೆದುಹೋಯಿತು.

1927ರ ಜನವರಿ 5ರಿಂದ 8ರವರೆಗೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಮೊದಲನೆಯ ಅಧಿವೇಶನ ಸೇರಿತು. ಸಾವಿತ್ರಿಬಾಯಿ ಫುಲೆಯವರು ಬಾಲಿಕೆಯರಿಗೆ ಪಾಠ ಹೇಳಿದ, ರಮಾಬಾಯಿ ರಾನಡೆಯವರು ಸೇವಾಸದನವನ್ನು ಬೆಳೆಸಿದ, ಕರ್ವೆಯವರು ಮಹಿಳಾ ವಿಶ್ವವಿದ್ಯಾನಿಲಯವನ್ನು ತೆರೆದ ಊರು ಅದು. ಇಂಥ ಸಭೆಗೆ ಅದಕ್ಕಿಂತ ಯೋಗ್ಯವಾದ ಸ್ಥಳ ದೊರೆಯುತ್ತಿರಲಿಲ್ಲ. ಪ್ರತಿನಿಧಿಗಳು 58 ಮಂದಿ, ನೋಡಲು ಬಂದವರು ಎರಡು ಸಾವಿರಕ್ಕೂ ಮಿಕ್ಕು. ಅಧ್ಯಕ್ಷಪೀಠವನ್ನು ಅಲಂಕರಿಸಿದ ಬರೋಡೆಯ ಮಹಾರಾಣಿ ಚಿಮಣಾಬಾಯಿಯವರು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು 1906ರಲ್ಲಿಯೇ ವಿಧಿಸಿದ್ದ ಸಂಸ್ಥಾನದಿಂದ ಬಂದವರು. ನೆರೆದವರಲ್ಲಿ ರಾಣಿಯರೂ ಉನ್ನತ ಕುಟುಂಬದ ವಿದ್ಯಾವತಿಯರೂ ಹೆಚ್ಚಾಗಿದ್ದರು, ಗಿರಣಿಯಲ್ಲಿಯೂ ಹೊಲದಲ್ಲಿಯೂ ದುಡಿಯುವ ಹೆಣ್ಣಿಗೆ ಆ ಸಭಾಂಗಣ ಬಹು ದೂರವಾಗಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆ ಕೊರತೆಯ ಛಾಯೆ ಸಂಸ್ಥೆಯ ಮೇಲೆ ಬಹುಕಾಲ ಉಳಿಯಿತು.

ಶಿಕ್ಷಣವೊಂದನ್ನೇ ಕುರಿತು ಆಲೋಚಿಸಬೇಕು, ರಾಜಕೀಯದ ಗೊಡವೆ ಬೇಡ ಎಂಬುದು ಕರೆದವರ ಸಂಕಲ್ಪವಾಗಿದ್ದಿತು. ಆದರೆ ವಿಷಯವು ತಾನಾಗಿಯೇ ಆ ಗಡಿಯನ್ನು ದಾಟಿತು. ನಾಲ್ಕನೆಯ ತರಗತಿಯಲ್ಲಿ ಚೆನ್ನಾಗಿ ಓದುತ್ತಿರುವ ಹುಡುಗಿಗೆ ಒಂದು ಸಂಬಂಧ ಕೂಡಿಬರುತ್ತದೆ. ಲಗ್ನ ನಿಶ್ಚಯವಾದ ಮರುದಿನದಿಂದ ಅವಳು ಶಾಲೆಗೆ ಬರುವುದಿಲ್ಲ. ಹೀಗಿರುವಾಗ ಐದನೆಯ ತರಗತಿಗೆ ಯಾವ ಪಠ್ಯಪುಸ್ತಕವನ್ನು ಇಡಬೇಕೆಂದು ಚರ್ಚಿಸಿ ಫಲವೇನು? ಆದಕಾರಣ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಕೇಳಿದ ಆ ಸಭೆಯೇ, ಬಾಲ್ಯವಿವಾಹದಿಂದ ವಿದ್ಯೆಗೆ ಒದಗುತ್ತಿರುವ ಹಾನಿಗಾಗಿ ವ್ಯಸನಪಟ್ಟು, 16 ವರ್ಷಕ್ಕೆ ಮುಂಚಿನ ವಿವಾಹವನ್ನು ದಂಡನಾರ್ಹ ಅಪರಾಧವೆಂದು ವಿಧಿಸಬೇಕೆಂದು ಸರ್ಕಾರವನ್ನು ಆಗ್ರಹಪಡಿಸಿತು. ಪಾಠಪಟ್ಟಿಯನ್ನು ಕೇಳಿದ ಅಧಿಕಾರಿಗೆ ಶಾಸನದ ಬೇಡಿಕೆ ಉತ್ತರವಾಗಿ ಬಂದಿತು. ಶಾಸನವಾಗಬೇಕಾದರೆ ಶಾಸನಸಭೆಯ ಸದಸ್ಯರ ಮನವೊಲಿಯಬೇಕು. ಅವರು ಕಿವಿಗೊಡಬೇಕಾದರೆ ಕೇಳುವವರಿಗೆ ಮತವಿರಬೇಕು. ಇದಾದ ಮೇಲೆ ರಾಜಕೀಯದಿಂದ ದೂರ ಉಳಿಯುವುದಾದರೂ ಹೇಗೆ?

ಈ ಸತ್ಯವನ್ನು ಎಲ್ಲರಿಗಿಂತ ಮೊದಲು ಸ್ವಾನುಭವದಿಂದ ಅರಿತಿದ್ದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು. ಶಾಸನಸಭೆಗೆ ಸ್ತ್ರೀಯರೂ ನಿಲ್ಲಬಹುದೆಂದು 1926ರಲ್ಲಿ ಅನುಮತಿ ದೊರೆತೊಡನೆ, ಮಾರ್ಗರೆಟ್ ಕಸಿನ್ಸರ ಒತ್ತಾಸೆಯಿಂದ ತಮ್ಮ ಹುಟ್ಟೂರಿನ ಕ್ಷೇತ್ರದಿಂದ ಮದರಾಸು ಶಾಸನಸಭೆಗೆ ಉಮೇದುವಾರರಾಗಿ ನಿಂತು, ಪ್ರಚಾರಕ್ಕೆ ದೊರೆತ ಅವಧಿ ಅತ್ಯಲ್ಪವಾಗಿದ್ದರೂ ಸ್ವಲ್ಪವೇ ಅಂತರದಲ್ಲಿ ಸೋತವರು ಅವರು. ಆ ಸೋಲಿನ ಬೆನ್ನಿಗೇ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯ ಹೊಣೆಯನ್ನು ಹೊತ್ತ ಅವರಿಗಿನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. 1928ರಲ್ಲಿ ಭೋಪಾಲದ ಬೇಗಮರ ಅಧ್ಯಕ್ಷತೆಯಲ್ಲಿ ದೆಹಲಿಯಲ್ಲಿ ಸೇರಿದ ಎರಡನೆಯ ಅಧಿವೇಶನವು ಬಾಲ್ಯವಿವಾಹ ನಿಷೇಧಕ್ಕಾಗಿ ಮತ್ತೆ ಧ್ವನಿಯೆತ್ತಿತು. ಹರಬಿಲಾಸ ಸಾರ್ದಾ ಅವರ ಮಸೂದೆ 1929ರ ಸೆಪ್ಟೆಂಬರಿನಲ್ಲಿ ಅಂಗೀಕೃತವಾಗಿ, ಮರುವರ್ಷದ ಏಪ್ರಿಲ್ ಒಂದರಂದು ಜಾರಿಗೆ ಬಂದಿತು. ವಧುವಿಗೆ ಅದು ವಿಧಿಸಿದ ಕನಿಷ್ಠ ವಯಸ್ಸು 14. ಪುಣೆಯವರು ಕೇಳಿದುದಕ್ಕಿಂತ ಎರಡು ವರ್ಷ ಕಡಮೆ.

ಪಕ್ಷರಾಜಕಾರಣದಲ್ಲಿ ತೊಡಗಬಾರದೆಂಬ ನಿಯಮವನ್ನು ಸಮ್ಮೇಳನವು ಉಳಿಸಿಕೊಂಡಿತು. ಒಂದೇ ವೇದಿಕೆಯಲ್ಲಿ ಸಂಸ್ಥಾನದ ರಾಣಿಯೂ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಗೆ ಹೋಗಿಬಂದವಳೂ ಕುಳಿತುಕೊಳ್ಳಬೇಕಾಗಿದ್ದುದರಿಂದ ಆ ನಿಯಮ ವಿವೇಕದ್ದೇ ಆಗಿತ್ತು. ಆದರೆ ಹಕ್ಕಿನ ವಿಷಯದಲ್ಲಿ ಅದು ಮೌನವಾಗಿರಲಿಲ್ಲ. 1931ರಲ್ಲಿ ಇತರ ಎರಡು ಮಹಿಳಾ ಸಂಸ್ಥೆಗಳೊಡನೆ ಸೇರಿ, ವಯಸ್ಕರೆಲ್ಲರಿಗೂ ಮತ ಬೇಕು, ಮೀಸಲು ಸ್ಥಾನಗಳು ಬೇಡ ಎಂದು ಮನವಿ ಸಲ್ಲಿಸಿತು. 1933ರಲ್ಲಿ ರಾಜಕುಮಾರಿ ಅಮೃತ್ ಕೌರ್, ಮುತ್ತುಲಕ್ಷ್ಮಿ ರೆಡ್ಡಿ, ಬೇಗಂ ಹಮೀದ್ ಅಲಿ ಈ ಮೂವರು ಲಂಡನ್ನಿನಲ್ಲಿ ಪಾರ್ಲಿಮೆಂಟಿನ ಸಮಿತಿಯ ಎದುರಿಗೆ ಅದನ್ನೇ ಸಮರ್ಥಿಸಿದರು. ಬಂದದ್ದು ಬೇರೆಯೇ ಆಯಿತು: 1935ರ ಕಾಯಿದೆಯು ಪ್ರಾಂತ್ಯಗಳ ಶಾಸನಸಭೆಗಳಲ್ಲಿ ಸ್ತ್ರೀಯರಿಗೆ 41 ಸ್ಥಾನಗಳನ್ನು ಮೀಸಲಿಟ್ಟು, ಸುಮಾರು 60 ಲಕ್ಷ ಮಂದಿಗೆ ಮತ ಕೊಟ್ಟಿತು, ಅವರಲ್ಲಿ ಬಹುಮಂದಿಗೆ ಅದು ಪತಿಯ ಆಸ್ತಿಯ ಬಲದಿಂದ ಬಂದ ಮತ. ಆಸ್ತಿಯನ್ನೂ ಪತಿಯನ್ನೂ ಕೇಳದೆ, ವಯಸ್ಸೊಂದನ್ನೇ ನೋಡಿ ಹೆಣ್ಣಿಗೆ ಮತ ಕೊಡುವ ವಿಧಿ ಬರುವುದಕ್ಕೆ ಸಂವಿಧಾನದ 326ನೆಯ ಅನುಚ್ಛೇದದವರೆಗೆ ಕಾಯಬೇಕಾಯಿತು. ಅದನ್ನು ರಚಿಸಿದ ಸಭೆಯಲ್ಲಿ ಅಮೃತ್ ಕೌರರೂ, ಈ ಸಮ್ಮೇಳನದ ಅಧ್ಯಕ್ಷಿಣಿಯಾಗಿದ್ದ ಹಂಸಾ ಮೆಹತಾ ಅವರೂ ಸದಸ್ಯೆಯರಾಗಿದ್ದರು.