ಹನ್ನೆರಡು ಜನ ಬೇಡ ಅಂತ ಸಹಿ ಹಾಕೋ ಮುಂಚೆ

ವೀಕ್ಷಕರೇ, ಜ್ಯೂರಿ ಅಂದ ಕೂಡಲೇ ನಮಗೆ ನೆನಪಾಗೋದು ನಾನಾವತಿ ಕೇಸು. 1959ರಲ್ಲಿ ಬಾಂಬೆಯ ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಮಂದಿ ‘ಅಪರಾಧಿ ಅಲ್ಲ’ ಅಂದರು. ಹೈಕೋರ್ಟ್ ಒಪ್ಪಲಿಲ್ಲ. ಮುಂದೆ ನಮ್ಮ ದೇಶದಲ್ಲಿ ಜ್ಯೂರಿ ಪದ್ಧತಿಯೇ ಹೋಯಿತು. ಅಮೆರಿಕದಲ್ಲಿ ಮಾತ್ರ ಅದು ಇವತ್ತಿಗೂ ಆರೋಪಿಯ ಹಕ್ಕು, ಸಂವಿಧಾನದಲ್ಲೇ ಬರೆದಿಟ್ಟದ್ದು. ಆ ಹಕ್ಕು ನನಗೆ ಬೇಡ, ಜಡ್ಜ್ ಒಬ್ಬರೇ ತೀರ್ಪು ಕೊಡಲಿ ಅನ್ನೋದಾದರೆ? ಅದಕ್ಕೂ ಒಂದು ಫಾರ್ಮ್ ಇದೆ!

ನಮ್ಮಲ್ಲಿ ಬ್ಯಾಂಕ್ ಸಾಲದ ಕಾಗದಕ್ಕೆ ಮ್ಯಾನೇಜರ್ ಬೆರಳು ತೋರಿಸಿದ ಕಡೆಯೆಲ್ಲ ಸಹಿ ಹಾಕ್ತೀವಲ್ಲ, ಹಾಗೆ ಹಾಕುವ ಕಾಗದವಲ್ಲ ಇದು. ಸಹಿ ಹಾಕಿದ ಮೇಲೆ ಅಲ್ಲಿನ ಜಡ್ಜ್ ಸಾಮಾನ್ಯವಾಗಿ ಆರೋಪಿಯನ್ನೇ ಎದುರಿಗೆ ನಿಲ್ಲಿಸಿ ಕೇಳ್ತಾರೆ: ಯಾರಾದರೂ ಒತ್ತಾಯ ಮಾಡಿದರಾ? ಹನ್ನೆರಡು ಜನರನ್ನು ಆರಿಸುವಾಗ ವಕೀಲರ ಮೂಲಕ ನಿಮಗೂ ಪಾತ್ರ ಇತ್ತು ಅಂತ ಗೊತ್ತಾ? ಆ ಹನ್ನೆರಡೂ ಜನ ಒಮ್ಮತದಿಂದ ‘ಅಪರಾಧಿ’ ಅಂದರೆ ಮಾತ್ರ ನಿಮಗೆ ಶಿಕ್ಷೆ ಅನ್ನೋದು ಗೊತ್ತಾ?

ಈ ಕೊನೇ ಪ್ರಶ್ನೆಯಲ್ಲಿದೆ ನೋಡಿ ಇಡೀ ವಿಷಯ. ಹನ್ನೊಂದು ಜನ ಒಂದು ಕಡೆ ನಿಂತು, ಒಬ್ಬರೇ ಒಬ್ಬರು ‘ನನಗೆ ಅನುಮಾನ ಇದೆ’ ಅಂತ ಪಟ್ಟು ಹಿಡಿದರೂ ಶಿಕ್ಷೆ ಆಗಲ್ಲ. ಹಾಗಂತ ಬಿಡುಗಡೆಯೂ ಅಲ್ಲ, ಸರ್ಕಾರ ಮತ್ತೆ ವಿಚಾರಣೆ ನಡೆಸಬಹುದು. ಫಾರ್ಮಿಗೆ ಸಹಿ ಹಾಕಿದವರು ಕಳೆದುಕೊಳ್ಳೋದು ಆ ಒಬ್ಬರನ್ನು.

ಆದರೂ ಸಹಿ ಹಾಕುವವರಿದ್ದಾರೆ. ಕೇಸು ಪೂರ್ತಿ ಲೆಕ್ಕಪತ್ರದ್ದಾದರೆ, ಅಥವಾ ಊರಿಗೆ ಊರೇ ಆರೋಪಿಯ ಮೇಲೆ ಕೆಂಡ ಕಾರ್ತಿದ್ದರೆ, ಜಡ್ಜ್ ಒಬ್ಬರೇ ವಾಸಿ ಅಂತ ವಕೀಲರಿಗೆ ಅನಿಸಬಹುದು. ಅದೂ ಸುಳ್ಳಲ್ಲ.

1930ರ ತನಕ ಫೆಡರಲ್ ಕೋರ್ಟುಗಳಲ್ಲಿ ಹೀಗೆ ಬಿಟ್ಟುಕೊಡಬಹುದಾ ಅನ್ನೋದೇ ಗೊಂದಲ. ಪ್ಯಾಟನ್ ಅನ್ನುವವರ ಲಂಚದ ಕೇಸಿನಲ್ಲಿ ಒಬ್ಬ ಜ್ಯೂರರ್ ಕಾಯಿಲೆ ಬಿದ್ದ. ಉಳಿದ ಹನ್ನೊಂದು ಜನರೇ ಸಾಕು ಅಂತ ಎರಡೂ ಕಡೆಯವರು ಒಪ್ಪಿದರು, ಶಿಕ್ಷೆಯೂ ಆಯಿತು. ಆ ಒಪ್ಪಿಗೆ ಸಿಂಧು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಆ ವರ್ಷ.

ಇನ್ನೊಂದು ವಿಚಾರ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಫೆಡರಲ್ ಕೋರ್ಟಿನಲ್ಲಿ ಆರೋಪಿಯ ಸಹಿ ಒಂದೇ ಸಾಲದು. ಸರ್ಕಾರಿ ವಕೀಲರೂ ಒಪ್ಪಬೇಕು, ಜಡ್ಜೂ ಅನುಮತಿ ಕೊಡಬೇಕು. ಸಿಂಗರ್ ಅನ್ನೋ ಆರೋಪಿ ಜ್ಯೂರಿ ಬೇಡ ಅಂದರೂ ಸರ್ಕಾರ ಬಿಡಲಿಲ್ಲ. 1965ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರವೇ ನಿಂತಿತು: ಜ್ಯೂರಿ ಕೇಳೋದು ನಿನ್ನ ಹಕ್ಕು, ಬೇಡ ಅನ್ನೋದು ಹಕ್ಕಲ್ಲ!