ಹೊಳೆದಂಡೆಯ ಸೈಟು ಕೊಳ್ಳುವ ಮುನ್ನ

"ಹೊಳಿ ಎದುರಿಗೇ ಮನಿ ಆಗತೈತ್ರಿ ಅಕ್ಕಾರ, ಮೊಮ್ಮಕ್ಕಳ ಕಾಲಕ್ಕೂ ಇಂಥಾ ತಂಪು ಗಾಳಿ!" ಅಂತ ಜಾಗ ತೋರಿಸುವವರು ಹೇಳಿದರೆ ಯಾವ ಗೃಹಿಣಿಯ ಮನಸ್ಸು ಕರಗುವುದಿಲ್ಲ ಹೇಳಿ?

ಸೋದರಿಯರೇ, ನನ್ನದೂ ಕರಗಿತ್ತು. ಗೋಕಾಕದ ಹತ್ತಿರ, ಘಟಪ್ರಭೆಯ ದಂಡೆಗೆ ಖಾಲಿ ಸೈಟು. ಶಿವರಾತ್ರಿ ಮುಗಿದ ಬಿಸಿಲುಕಾಲ, ಹೊಳೆ ತೆಳ್ಳಗೆ ಹರಿಯುತ್ತಿತ್ತು. ನಾನು ಮನಸ್ಸಿನಲ್ಲೇ ಅಡುಗೆಮನೆ ಕಿಟಕಿಯನ್ನು ಹೊಳೆಯ ಕಡೆ ಇಟ್ಟು, ಅಂಗಳದಲ್ಲಿ ತುಳಸಿಕಟ್ಟೆಯನ್ನೂ ಕಟ್ಟಿಬಿಟ್ಟಿದ್ದೆ! ಊರೊಳಗಿನ ಸೈಟಿಗಿಂತ ಬೆಲೆಯೂ ಕಡಿಮೆ. ಮುಂಗಡ ಕೊಡಲು ನಿನ್ನ ನಾಲ್ಕು ಬಳೆ ಒತ್ತೆ ಇಡೋಣ ಅಂದ್ರು ನಮ್ಮನೆಯವರು. ನಾನೂ ಹೂಂ ಅಂದೆ.

ಬಾಯಾರಿಕೆಯಾಗಿ ಪಕ್ಕದ ಓಣಿಯ ಮನೆಯಲ್ಲಿ ನೀರು ಕೇಳಿದೆವು. ತಂಬಿಗೆ ತಂದುಕೊಟ್ಟ ಅಜ್ಜಿ, ಸೈಟಿನ ಸುದ್ದಿ ಕೇಳಿ ಏನೂ ಮಾತಾಡದೆ ಗೋಡೆಗೆ ಕೈ ತೋರಿಸಿದರು. ನನ್ನ ತಲೆಗಿಂತ ಮೇಲೆ ಒಂದು ಕಂದು ಗೆರೆ! "ಇಲ್ಲೀಮಟ ನಿಂತಿತ್ತವ್ವಾ ನೀರು. ಜೋಳದ ಚೀಲ, ಹಾಸಿಗಿ ಎಲ್ಲಾ ಹೋತು" ಅಂದರು.

ಅದು 2019ರ ಆಗಸ್ಟ್ ತಿಂಗಳ ಮಹಾಪೂರ. ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತ್ತು, ಲೋಳಸೂರ ಸೇತುವೆ ಮುಳುಗಿತ್ತು. 2021ರ ಜುಲೈನಲ್ಲಿ ಮತ್ತೆ ಪ್ರವಾಹ ಬಂತು. ಕಾರಣ ಸರಳ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ 51 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಅದು ತುಂಬಿದ ಮೇಲೂ ಘಟ್ಟದಲ್ಲಿ ಮಳೆ ಸುರಿದರೆ ಬಾಗಿಲು ತೆರೆಯಲೇಬೇಕು. ಸಾಲದ್ದಕ್ಕೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಘಟಪ್ರಭೆಗೇ ಬಂದು ಸೇರುತ್ತವೆ. ಗೋಕಾಕ ದಾಟಿದ ಈ ನೀರೇ ಮೂಡಲಗಿ ಕಡೆಯ ಹೊಳೆಸಾಲಿನ ಹಳ್ಳಿಗಳಿಗೂ ನುಗ್ಗುತ್ತದೆ.

ಆದ್ದರಿಂದ ಹೊಳೆದಂಡೆಯ ಜಾಗಕ್ಕೆ ಮನಸೋತ ಸೋದರಿಯರು ಇಷ್ಟು ನೆನಪಿಡಿ:

ಬೇಸಿಗೆಯಲ್ಲಿ ನೋಡಿ ಮೆಚ್ಚಿದ ಜಾಗವನ್ನು ಶ್ರಾವಣದಲ್ಲಿ ಇನ್ನೊಮ್ಮೆ ನೋಡಿ, ಆಮೇಲೆ ಮಾತು ಕೊಡಿ.

ಮಾರುವವರನ್ನಲ್ಲ, ಅಕ್ಕಪಕ್ಕದ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ. ನೆರೆ ಇಳಿದ ಮೇಲೆ ಕೆಸರು ಬಳಿದವರು ಅವರೇ. ನೀರು ಯಾವ ಮೆಟ್ಟಿಲಿನ ತನಕ ಬಂದಿತ್ತೆಂದು ಅವರು ಮರೆಯುವುದಿಲ್ಲ.

ಉತಾರ, ಜಮೀನು ಬಿನ್‌ಶೇತ್ಕಿ ಆದ ಆದೇಶ, ಮಂಜೂರಾದ ನಕ್ಷೆ ನೋಡಿರಿ. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿರಿ. ಆದರೆ ಒಂದು ಮಾತು. ಜಾಗದ ಒಡೆಯರು ಯಾರೆಂದು ಕಾಗದ ಹೇಳೀತು, ನೀರು ಎಲ್ಲೀತನಕ ಬರುತ್ತದೆಂದು ಹೇಳದು!

ಅಂದು ಮನೆಗೆ ಬಂದ ಮೇಲೆ ನಮ್ಮನೆಯವರು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ಮೂರನೆಯ ದಿನ ತಾವೇ, "ಬ್ಯಾಡ ಬಿಡು" ಅಂದ್ರು. ಕೊನೆಗೆ ಏರಿನ ಮೇಲೆ ಚಿಕ್ಕ ಸೈಟು ಕೊಂಡೆವು. ಕಿಟಕಿಯಿಂದ ಹೊಳೆ ಕಾಣುವುದಿಲ್ಲ, ನಿಜ. ಸಂಜೆ ಇಬ್ಬರೂ ನಡೆದುಹೋಗಿ ನೋಡಿಕೊಂಡು ಬರುತ್ತೇವೆ. ಮಳೆಗಾಲದ ರಾತ್ರಿ ನಿಶ್ಚಿಂತೆಯಿಂದ ಮಲಗುತ್ತೇವೆ. ನನ್ನ ನಾಲ್ಕು ಬಳೆಗಳೂ ಕೈಯಲ್ಲೇ ಇವೆ!