ಪ್ರವಾಹ ಮರಳುವ ದಾರಿ: ಎರಡು ಪದರದ ಬೋರ್ಡಿನಲ್ಲಿ ಗ್ರೌಂಡ್ ಪ್ಲೇನ್

ಬನಶಂಕರಿ ಮೂರನೇ ಹಂತದ ಪಿಇಎಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರೂಪಿಸಿದ ಪೈಸ್ಯಾಟ್ ಉಪಗ್ರಹವು 2016ರ ಸೆಪ್ಟೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ35ರಲ್ಲಿ ಕಕ್ಷೆಗೆ ಏರಿತು. ದಕ್ಷಿಣ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಕಲಿಕೆ ತಲುಪಬಲ್ಲ ಎತ್ತರಕ್ಕೆ ಅದು ನಿದರ್ಶನವಾದರೂ, ವಿದ್ಯಾರ್ಥಿಗಳ ಕೈ ಸಾಮಾನ್ಯವಾಗಿ ಪಳಗುವುದು ಅಗ್ಗದ ಎರಡು ಪದರದ ಪಿಸಿಬಿಯ, ಅಂದರೆ ಮುದ್ರಿತ ಸರ್ಕ್ಯೂಟ್ ಬೋರ್ಡಿನ, ಮೇಲೆಯೇ. ಗಾಜಿನ ನಾರು ಮತ್ತು ಎಪಾಕ್ಸಿ ಅಂಟು ಸೇರಿದ, ಸುಮಾರು 1.6 ಮಿಲಿಮೀಟರ್ ದಪ್ಪದ ಹಲಗೆಯ ಎರಡೂ ಮೈಗೆ 35 ಮೈಕ್ರಾನ್ ತಾಮ್ರ ಹೊದಿಸಿ, ಬೇಡವಾದುದನ್ನು ರಾಸಾಯನಿಕದಿಂದ ಕರಗಿಸಿದಾಗ ಉಳಿಯುವ ತಾಮ್ರದ ಗೆರೆಗಳೇ ಬಿಡಿಭಾಗಗಳನ್ನು ಬೆಸೆಯುವ ಟ್ರ್ಯಾಕುಗಳು.

ಸರ್ಕ್ಯೂಟ್ ನಕ್ಷೆಯಲ್ಲಿ ಗ್ರೌಂಡ್ ಎಂಬುದು ಬರಿಯ ಚಿಹ್ನೆ. ಬೋರ್ಡಿನಲ್ಲಾದರೋ ಚಿಪ್ಪಿನಿಂದ ಹೊರಟ ಪ್ರತಿಯೊಂದು ಪ್ರವಾಹವೂ ಮೂಲಕ್ಕೆ ಮರಳಲೇಬೇಕಾಗಿದ್ದು, ಆ ದಾರಿಗೆ ರೋಧವೂ, ಪ್ರವಾಹದ ಏರಿಳಿತಕ್ಕೆ ಅಡ್ಡಿಯಾಗುವ ಇಂಡಕ್ಟನ್ಸ್ ಎಂಬ ಗುಣವೂ ಇರುತ್ತವೆ. ನಿಧಾನವಾಗಿ ಬದಲಾಗುವ ಪ್ರವಾಹವು ತಾಮ್ರದ ಹಾಳೆಯ ತುಂಬ ಹರಡಿಕೊಂಡು ಮರಳಿದರೆ, ಆವರ್ತನ ಮೆಗಾಹರ್ಟ್ಸ್ ಮಟ್ಟಕ್ಕೆ ಏರಿದಾಗ ಅದು ಇಂಡಕ್ಟನ್ಸ್ ಅತಿ ಕಡಿಮೆಯಿರುವ ಹಾದಿಯನ್ನು, ಅಂದರೆ ತಾನು ಹೋದ ಟ್ರ್ಯಾಕಿನ ನೇರ ಕೆಳಗಿನ ಜಾಗವನ್ನೇ ಆರಿಸಿಕೊಳ್ಳುತ್ತದೆ. ಆದುದರಿಂದಲೇ ಕೆಳಮೈಯನ್ನು ಸಾಧ್ಯವಾದಷ್ಟು ಅಖಂಡವಾದ ತಾಮ್ರದ ಹಾಳೆಯಾಗಿ, ಎಂದರೆ ಗ್ರೌಂಡ್ ಪ್ಲೇನ್ ಆಗಿ, ಉಳಿಸಿಕೊಳ್ಳುವುದು ವಾಡಿಕೆ.

ನಾಲ್ಕು ಪದರದ ಬೋರ್ಡಿನಲ್ಲಿ ಒಳಪದರವೊಂದನ್ನು ಇದಕ್ಕೇ ಮೀಸಲಿಡಬಹುದು. ಎರಡು ಪದರದಲ್ಲಿ ಆ ಐಷಾರಾಮ ಇಲ್ಲ. ಮೇಲ್ಮೈಯಲ್ಲಿ ಟ್ರ್ಯಾಕುಗಳು ಒಂದನ್ನೊಂದು ಹಾಯಬೇಕಾದಾಗ, ಅವುಗಳಲ್ಲೊಂದು ವಯಾ ಎಂಬ ಲೋಹಲೇಪಿತ ರಂಧ್ರದ ಮೂಲಕ ಕೆಳಗಿಳಿದು ಹಾಳೆಯನ್ನು ಸೀಳುತ್ತದೆ. ಜಯನಗರದಿಂದ ಮಾವಳ್ಳಿಗೆ ಹೊರಟ ವಾಹನ ಲಾಲ್‌ಬಾಗನ್ನು ಬಳಸಿಕೊಂಡು ಹೋಗುವಂತೆ, ಮರಳುವ ಪ್ರವಾಹ ಆ ಸೀಳನ್ನು ಸುತ್ತಬೇಕಾಗುತ್ತದೆ. ಹೋಗುವ ಮತ್ತು ಬರುವ ದಾರಿಗಳ ನಡುವಿನ ವಿಸ್ತೀರ್ಣ ಹಿಗ್ಗಿದಷ್ಟೂ ಬೋರ್ಡು ಹೊರಸೂಸುವ ರೇಡಿಯೋ ಗದ್ದಲ ಹೆಚ್ಚುತ್ತದೆ, ಹೊರಗಿನ ಗದ್ದಲ ಒಳಸೇರುವುದೂ ಸುಲಭವಾಗುತ್ತದೆ. ಇಳಿದ ಟ್ರ್ಯಾಕು ಅಡ್ಡಗೆರೆಯನ್ನು ದಾಟಿದೊಡನೆ ಮೇಲೇರಬೇಕೆಂಬ ನಿಯಮ ಹುಟ್ಟಿದ್ದು ಹೀಗೆ. ಸೊನ್ನೆ ಓಮ್ ರೆಸಿಸ್ಟರನ್ನು ಸೇತುವೆಯಾಗಿಸಿ ಮೇಲೆಯೇ ದಾಟಿಸುವ ಕ್ರಮವೂ ಉಂಟು, ಮತ್ತು ಅದು ಎಷ್ಟೋ ಸಲ ಹೆಚ್ಚು ಅಚ್ಚುಕಟ್ಟು.

ಫ್ರಾನ್ಸಿನ ಜ್ಯಾಂ-ಪಿಯೆರ್ ಶರಾಸ್ 1992ರಲ್ಲಿ ಆರಂಭಿಸಿದ, ಇಂದು ಉಚಿತವಾಗಿ ಸಿಗುವ ಕಿಕ್ಯಾಡ್‌ನಂಥ ತಂತ್ರಾಂಶವು ಖಾಲಿ ಜಾಗವನ್ನೆಲ್ಲ ಕ್ಷಣಾರ್ಧದಲ್ಲಿ ತಾಮ್ರದಿಂದ ತುಂಬಿಸಿ ತೋರಿಸುತ್ತದೆ. ಪರದೆ ತುಂಬಿತೆಂದು ಗ್ರೌಂಡ್ ಸಿದ್ಧವಾಯಿತೆಂದು ನಂಬುವುದು ಮಾತ್ರ ಅಪಾಯಕರ, ಏಕೆಂದರೆ ಎಳೆಯಷ್ಟು ಕಿರಿದಾದ ಕೊರಳಿನಿಂದ ಜೋತುಬಿದ್ದ ತುಣುಕೂ ಅಲ್ಲಿ ಗ್ರೌಂಡ್ ಎಂದೇ ಲೆಕ್ಕಕ್ಕೆ ಬರುತ್ತದೆ.

ಅನಲಾಗ್ ಮತ್ತು ಡಿಜಿಟಲ್ ಭಾಗಗಳಿಗೆಂದು ಹಾಳೆಯನ್ನು ಎರಡಾಗಿ ಕತ್ತರಿಸುವ ಹಳೆಯ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ಸಣ್ಣ ಬೋರ್ಡುಗಳಲ್ಲಿ ಅದರಿಂದ ಹಾನಿಯೇ ಹೆಚ್ಚು. ಅಲ್ಲಿ ಕೆಲಸ ಮಾಡುವುದು ಬಿಡಿಭಾಗಗಳ ಸ್ಥಾನ. 35 ಮೈಕ್ರಾನ್ ತಾಮ್ರದಲ್ಲಿ ಉದ್ದ ಮತ್ತು ಅಗಲ ಸಮವಿರುವ ಯಾವುದೇ ಚೌಕದ ರೋಧ ಸುಮಾರು ಅರ್ಧ ಮಿಲಿಓಮ್. ಮೋಟಾರಿನ 2 ಆಂಪಿಯರ್ ಪ್ರವಾಹ ಅಂಥ ಒಂದು ಚೌಕವನ್ನು ಹಾದರೆ 1 ಮಿಲಿವೋಲ್ಟ್ ವ್ಯತ್ಯಾಸ ಏಳುತ್ತದೆ, 3.3 ವೋಲ್ಟನ್ನು 12 ಬಿಟ್‌ಗಳಲ್ಲಿ ಅಳೆಯುವ ಪರಿವರ್ತಕದ ಒಂದು ಮೆಟ್ಟಿಲು 0.8 ಮಿಲಿವೋಲ್ಟ್ ಮಾತ್ರ. ಎಂದರೆ ಸೆನ್ಸರಿನ ಅಳತೆ ತಪ್ಪಲು ಅಷ್ಟೇ ಸಾಕು. ಆದ ಕಾರಣ ವಿದ್ಯುತ್ ಪೂರೈಕೆಯ ಕನೆಕ್ಟರನ್ನು ಮೋಟಾರ್ ಡ್ರೈವರಿನ ಪಕ್ಕದಲ್ಲೇ ಇರಿಸಿ, ಸೆನ್ಸರನ್ನು ಎದುರು ಅಂಚಿಗೆ ಒಯ್ದು, ಹಾಳೆಯನ್ನು ಎಲ್ಲಿಯೂ ಕತ್ತರಿಸದೆ ಬಿಡಲಾಗುತ್ತದೆ.